ಹದಿನೇಳು ಮಂದಿಯ ಆಟ ಕಲಿತವನು

“ಬುದ್ಧೀ, ನಾನು ತಮ್ಮ ಹಾಗೆ ಆಗೋದು ಯಾವಾಗ?”

ಕೇಳಿದವನು ಪ್ರಭುಲಿಂಗ. ಅವನು ಮಠ ಸೇರಿ ಒಂಬತ್ತು ವರ್ಷವಾಗಿತ್ತು. ಬರುವ ಸೋಮವಾರ ಅವನನ್ನು ದೂರದ ಶಾಖಾ ಮಠಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಇನ್ನು ಮುಂದೆ ಅವನೇ ಗದ್ದುಗೆಯ ಪಕ್ಕ ಕೂತು ಜನರಿಗೆ ನಾಲ್ಕು ಮಾತು ಹೇಳಬೇಕು. ಭಕ್ತರು ಅವನನ್ನು ಅವನ ಗುರುಗಳಾದ ದೊಡ್ಡ ಬುದ್ಧಿಯವರ ಪಡಿಯಚ್ಚು ಎನ್ನುತ್ತಿದ್ದರು. ಅದನ್ನು ಕೇಳಿದಾಗ ಅವನಿಗೆ ಸಂತೋಷವಾಗುತ್ತಿತ್ತು. ಪೂರ್ತಿ ಅಚ್ಚು ಇನ್ನೂ ಬಿದ್ದಿಲ್ಲವಲ್ಲ ಎಂದು ಭಯವೂ ಆಗುತ್ತಿತ್ತು.

ಗುರುಗಳು ನಕ್ಕರು. “ಕೂತ್ಕೋ. ಒಬ್ಬ ಟೇಬಲ್ ಟೆನಿಸ್ ಆಟಗಾರನ ಕತೆ ಹೇಳ್ತೀನಿ. ಮಠದಲ್ಲಿ ಇದೆಂಥ ಕತೆ ಅಂತ ಮುಖ ಸಿಂಡರಿಸಬೇಡ. ನಿನ್ನ ಪ್ರಶ್ನೆಗೆ ಪುರಾಣದಲ್ಲೇ ಉತ್ತರ ಇದ್ದಿದ್ರೆ ಒಂಬತ್ತು ವರ್ಷದಲ್ಲಿ ಸಿಕ್ಕಿರೋದು.”

ಕತೆ ಹೀಗಿತ್ತು.

ಒಂದು ಊರಿನಲ್ಲಿ ಒಬ್ಬ ಟೇಬಲ್ ಟೆನಿಸ್ ಆಟಗಾರನಿದ್ದ. ಆಟವೇ ಅವನ ಅನ್ನ. ಆದರೆ ಎಲ್ಲರೂ ಗೆದ್ದು ಅನ್ನ ಸಂಪಾದಿಸಿದರೆ ಅವನು ಸೋತು ಸಂಪಾದಿಸುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಚಾಂಪಿಯನ್ ಇದ್ದ. ಒಮ್ಮೆ ಚಾಂಪಿಯನ್‌ಗೆ ಒಬ್ಬ ವಿಚಿತ್ರ ಎದುರಾಳಿಯ ಜೊತೆ ಪಂದ್ಯ ಬಿತ್ತು. ಆ ಎದುರಾಳಿ ಮೇಜಿನಿಂದ ದೂರ ನಿಂತು, ಬಂದ ಚೆಂಡನ್ನೆಲ್ಲ ಕೆಳಗಿನಿಂದ ಸವರಿ ನಿಧಾನವಾಗಿ ಹಿಂದಕ್ಕೆ ಕಳಿಸುವವನು. ಅಂಥವನನ್ನು ಎದುರಿಸಿ ಅಭ್ಯಾಸವಿಲ್ಲದೆ ಚಾಂಪಿಯನ್ ಕಂಗಾಲಾದ. ಆಗ ನಮ್ಮ ಆಟಗಾರ ಇಪ್ಪತ್ತರ ಹುಡುಗ. ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊ ಹಾಕಿಕೊಂಡು ಒಂದು ವಾರ ನೋಡಿದ. ಎಂಟನೆಯ ದಿನ ಬ್ಯಾಟು ಹಿಡಿದು ಬಂದು ಅವನ ಹಾಗೆಯೇ ಆಡಿದ. ಚಾಂಪಿಯನ್ ಅವನ ಮೇಲೆ ಅಭ್ಯಾಸ ಮಾಡಿ, ಹೋಗಿ ಪಂದ್ಯ ಗೆದ್ದು ಬಂದ.

ಅಂದಿನಿಂದ ಅದೇ ಅವನ ಕಸುಬಾಯಿತು. ಚಾಂಪಿಯನ್ ಯಾರ ಜೊತೆ ಆಡಬೇಕೋ ಇವನು ಮೊದಲು ಅವನಾಗಬೇಕು. ಪೆನ್ನು ಹಿಡಿದ ಹಾಗೆ ಬ್ಯಾಟು ಹಿಡಿಯುವವನಾದ. ಸರ್ವ್ ಮಾಡುವ ಮುನ್ನ ಚೆಂಡಿಗೆ ಉಫ್ ಎಂದು ಊದುವವನಾದ. ನೆಟ್ಟಿನ ಪಕ್ಕ ಮೇಜಿಗೆ ಅಂಗೈ ಒರೆಸಿಕೊಳ್ಳುವವನೂ ಆದ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಹಾಗಲ್ಲ, ಇವನು ನವಿಲೇ ಆಗಿಬಿಡುತ್ತಿದ್ದ. ಅವರ ಹೊಡೆತಗಳನ್ನು ಕಲಿತರೆ ಸಾಲದು, ತಪ್ಪುಗಳನ್ನೂ ಕಲಿಯಬೇಕು. ಆ ಎದುರಾಳಿ ಎಲ್ಲಿ ಎಡವುತ್ತಾನೋ ಅಲ್ಲಿಯೇ ಎಡವಿ, ಅವನು ಸೋಲುವ ಹಾಗೆಯೇ ಇವನು ಸೋಲಬೇಕು. ಬೇರೆಯವರ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವನು ಆ ದೇಶದಲ್ಲೇ ಇನ್ನೊಬ್ಬನಿರಲಿಲ್ಲ.

ಹನ್ನೆರಡು ವರ್ಷ ಕಳೆಯಿತು. ಹದಿನೇಳು ಮಂದಿಯ ಆಟ ಅವನ ಕೈಯಲ್ಲಿ ಕೂತಿತು. ಚಾಂಪಿಯನ್ ಪದಕಗಳನ್ನು ಗೆದ್ದ, ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟ. ನಮ್ಮ ಆಟಗಾರನಿಗೆ ಮೂವತ್ತೆರಡಾಗಿತ್ತು. ದೇಶದ ತಂಡದ ಅಂಗಿಯನ್ನು ಒಂದೇ ಒಂದು ಸಲ ತೊಡಬೇಕೆಂಬ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು.

“ಇಷ್ಟು ದಿನ ಅವರಿವರಾಗಿ ಆಡಿದ್ದಾಯ್ತಲ್ಲ, ಒಂದ್ಸಲ ನೀವಾಗಿ ಆಡಿ ನೋಡ್ರೀ,” ಎಂದಳು ಅವಳು.

ಅವನು ಆಯ್ಕೆ ಪಂದ್ಯಗಳಿಗೆ ಹೆಸರು ಕೊಟ್ಟ. ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಅವನ ವಯಸ್ಸಿಗೆ ಅದೇ ಮೊದಲನೆಯ ಅವಕಾಶ, ಅದೇ ಕೊನೆಯದು.

ಅವನು ಗೆಲ್ಲುತ್ತಾ ಹೋದ. ಹೇಗೆಂದರೆ, ಎದುರಿಗೆ ಬಂದವನು ಯಾರನ್ನು ಕಂಡರೆ ಹೆದರುತ್ತಾನೋ ಆ ದಿನ ಇವನು ಅವನೇ. ಒಬ್ಬನ ಮುಂದೆ ದೂರ ನಿಂತು ಸವರಿದ. ಇನ್ನೊಬ್ಬನ ಮುಂದೆ ಪೆನ್ನಿನ ಹಿಡಿತ ಹಿಡಿದ. ನಾಲ್ಕು ಸುತ್ತು ದಾಟಿ ಕೊನೆಯ ಪಂದ್ಯಕ್ಕೆ ಬಂದ. ಎದುರಾಳಿ ಇಪ್ಪತ್ತೆರಡರ ಯುವಕ. ಇವರಿಬ್ಬರಲ್ಲಿ ಗೆದ್ದವನು ತಂಡಕ್ಕೆ.

ಪಂದ್ಯದ ಹಿಂದಿನ ದಿನ ಅವನು ಅಭ್ಯಾಸದ ಹಾಲಿನ ಮುಂದೆ ಹಾದುಹೋಗುತ್ತಿದ್ದ. ಒಳಗೆ ಯಾರೋ ಒಬ್ಬ ತನ್ನ ಗೆಳೆಯನ ಜೊತೆ ಆಡುತ್ತಿದ್ದ. ಇವನು ಬಾಗಿಲಲ್ಲೇ ನಿಂತ. ಆ ಆಟ ತನ್ನ ಹದಿನೇಳರಲ್ಲಿ ಇರಲಿಲ್ಲ. ಚೆಂಡು ಬರುವ ಮೊದಲು ಆ ಆಟಗಾರನ ಬಲ ಭುಜ ಒಂದಿಷ್ಟು ಮೇಲೇಳುತ್ತಿತ್ತು. ಹೊಡೆಯಲೋ ಬೇಡವೋ ಎಂದು ಯಾರನ್ನೋ ಕೇಳುವಂತೆ ಕೈ ಒಂದು ಕ್ಷಣ ತಡೆದು ಆಮೇಲೆ ಹೊಡೆಯುತ್ತಿತ್ತು. ಪಾಯಿಂಟಿನಲ್ಲಿ ಮುಂದಿದ್ದಾಗ ಅವನು ಅರ್ಧ ಹೆಜ್ಜೆ ಹಿಂದೆ ಸರಿದು ಎದುರಿನವನಿಗೆ ಸುಲಭದ ಚೆಂಡು ಕೊಡುತ್ತಿದ್ದ. ಎಂಥ ವಿಚಿತ್ರ ಆಸಾಮಿ ಎಂದುಕೊಂಡ ಇವನು. ಹಳೆಯ ಚಾಳಿ ಬಿಡದೆ, ನಿಂತಲ್ಲೇ ಆ ಭುಜವನ್ನು ಕಲಿಯತೊಡಗಿದ.

ಆಟ ನಿಂತಿತು. ಇವನು ಒಳಗೆ ಹೋಗಿ ಕೇಳಿದ: “ಚೆನ್ನಾಗಿ ಹಿಡಿದಿದೀಯಪ್ಪ. ಯಾರ ಆಟ ಇದು?”

“ನಿಮ್ದೇ ಸಾರ್.”

ಇವನು ನಕ್ಕ. ಅವನು ನಗಲಿಲ್ಲ.

“ತಮಾಷೆ ಅಲ್ಲ ಸಾರ್. ನಾಳೆ ನಿಮ್ಮ ಜೊತೆ ಆಡ್ತಾರಲ್ಲ, ಅವರಿಗೆ ಅಭ್ಯಾಸಕ್ಕೆ ನನ್ನ ಇಟ್ಕೊಂಡಿದಾರೆ. ನಿಮ್ಮ ಆಟಗಳನ್ನೆಲ್ಲ ನೋಡ್ದೆ. ನೀವು ಯಾರ ಹಾಗೆ ಆಡಿದ್ರೂ ಆ ಭುಜ ಹಾಗೇ ಏಳುತ್ತೆ. ಅದನ್ನ ಹಿಡ್ಕೊಂಡೆ, ಉಳಿದಿದ್ದು ತಾನಾಗೇ ಬಂತು.”

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ಅವನು ನೂರು ಸಲ ಕೇಳಿದ್ದ. ಕಂಡರೆ ಇಷ್ಟು ಗಾಬರಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ಬ್ಯಾಟು ಬೀಸಿದ. ನೋಡುತ್ತಾ ಬೀಸಿದರೆ ಭುಜ ಏಳಲಿಲ್ಲ. ಬೇಕೆಂದೇ ಎಬ್ಬಿಸಿದರೆ ಅದು ಆ ಹಾಲಿನಲ್ಲಿ ಕಂಡವನ ಭುಜವಾಯಿತು. ಹಾಗಾದರೆ ನನ್ನದು ಎಲ್ಲಿದೆ? ನಾನು ನೋಡದಿದ್ದಾಗ ಮಾತ್ರ ಇರುವುದು ನನ್ನದು ಹೇಗಾಗುತ್ತದೆ? ಹಿಂಜರಿಯುವುದೇ ನನ್ನ ಆಟವೋ, ಹನ್ನೆರಡು ವರ್ಷ ಸೋತು ಸೋತು ಅಂಟಿಸಿಕೊಂಡ ಅಭ್ಯಾಸವೋ? ಅವನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಮರುದಿನ ಪಂದ್ಯ. ಐದು ಗೇಮುಗಳಲ್ಲಿ ಮೂರು ಗೆದ್ದವನು ತಂಡಕ್ಕೆ. ಇವನು ಮೊದಲ ಎರಡರಲ್ಲಿ ತನ್ನ ಹದಿನೇಳು ಮಂದಿಯನ್ನೂ ಒಬ್ಬೊಬ್ಬರಾಗಿ ಕರೆದ. ಯುವಕ ಅವರಲ್ಲಿ ಯಾರನ್ನೂ ನೋಡಲಿಲ್ಲ, ಭುಜವನ್ನು ಮಾತ್ರ ನೋಡಿದ. ಎರಡೂ ಗೇಮು ಹೋದವು. ಮೂರನೆಯದರಲ್ಲಿ ಇವನು ಹಟ ಹಿಡಿದು ಭುಜವನ್ನು ಬಿಗಿದಿಟ್ಟ. ಈಗ ಗೊಂದಲದ ಸರದಿ ಯುವಕನದಾಯಿತು. ಅಭ್ಯಾಸದಲ್ಲಿ ಕಲಿತದ್ದು ಎದುರಿಗೆ ಇರಲಿಲ್ಲ. ಮೂರನೆಯದೂ ನಾಲ್ಕನೆಯದೂ ಇವನಿಗೆ ಬಂದವು. ಐದನೆಯದರಲ್ಲಿ ಇಬ್ಬರೂ ಒಂಬತ್ತು ಪಾಯಿಂಟಿನಲ್ಲಿ ನಿಂತರು. ಹನ್ನೊಂದಾದರೆ ಮುಗಿಯಿತು; ಹತ್ತು–ಹತ್ತಾದರೆ ಮಾತ್ರ ಎರಡರ ಅಂತರ ಬೇಕು.

ಆ ಪಾಯಿಂಟು ಬಹಳ ಹೊತ್ತು ನಡೆಯಿತು. ಚೆಂಡು ಹೋಗುತ್ತಿತ್ತು, ಬರುತ್ತಿತ್ತು. ಎಲ್ಲೋ ನಡುವೆ ಅವನಿಗೆ ಭುಜ ಮರೆತುಹೋಯಿತು, ಹದಿನೇಳು ಮಂದಿಯೂ ಮರೆತುಹೋದರು. ಕೈ ತಾನಾಗಿ ಹೋಯಿತು. ಚೆಂಡು ಯುವಕನ ಪಕ್ಕದಲ್ಲಿ ಹಾದುಹೋದದ್ದನ್ನು ಎಲ್ಲರೂ ನೋಡಿದರು. ಅಂಥ ಹೊಡೆತವನ್ನು ಯಾರೂ ಹಿಂದೆ ಕಂಡಿರಲಿಲ್ಲ. ಅವನೂ ಕಂಡಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತು–ಒಂಬತ್ತು. ತಂಡದ ಅಂಗಿಗೆ ಇನ್ನೊಂದೇ ಪಾಯಿಂಟು.

ಆಗ ಅವನು ತನ್ನ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಮಾಡಿದ. ಒಳ್ಳೆಯ ಆಟ ಕಂಡೊಡನೆ ಅದನ್ನು ಕಲಿಯುವುದು ಅವನಿಗೆ ಉಸಿರಾಡಿದಷ್ಟೇ ಸಹಜ. ಕೈ ಎಲ್ಲಿತ್ತು, ಕಾಲು ಎಲ್ಲಿತ್ತು, ಮಣಿಕಟ್ಟು ಎಷ್ಟು ತಿರುಗಿತು ಎಂದು ಮನಸ್ಸಿನಲ್ಲೇ ಬರೆದುಕೊಂಡ. ಮುಂದಿನ ಚೆಂಡು ಬಂದಾಗ ಆ ಹೊಡೆತವನ್ನೇ, ಕೂದಲೆಳೆಯಷ್ಟೂ ತಪ್ಪದಂತೆ ಹೊಡೆದ. ಚೆಂಡು ನೆಟ್ಟಿಗೆ ಬಿತ್ತು. ಇನ್ನೊಮ್ಮೆ ಹೊಡೆದ. ಮತ್ತೆ ನೆಟ್ಟಿಗೆ. ಮೂರನೆಯ ಸಲವೂ ಅದನ್ನೇ ಹೊಡೆದ. ಹನ್ನೆರಡು–ಹತ್ತಕ್ಕೆ ಪಂದ್ಯ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವನು ಬ್ಯಾಟನ್ನು ಚೀಲಕ್ಕೆ ಹಾಕುತ್ತಿದ್ದಾಗ ಆ ಅಭ್ಯಾಸದವನು ಹತ್ತಿರ ಬಂದ.

“ಸಾರ್, ಆ ಒಂದು ಹೊಡೆತ ಎಲ್ಲಿಂದ ತಂದ್ರಿ? ಅದು ನಂಗೆ ಸಿಕ್ಕಿರ್ಲಿಲ್ಲ.”

“ನಂಗೂ ಗೊತ್ತಿಲ್ಲಪ್ಪ,” ಎಂದ ಆಟಗಾರ.

ಹಾಗೆಂದವನು ಬೀದಿಗೆ ಇಳಿದ. ಅಂಗಿ ತಪ್ಪಿತೆಂದು ಅಳಬೇಕೋ, ಆ ಒಂದು ಹೊಡೆತಕ್ಕೆ ನಗಬೇಕೋ ಅವನಿಗೆ ತಿಳಿಯಲಿಲ್ಲ. ಎರಡನ್ನೂ ಮಾಡುತ್ತಾ ಮನೆಯ ದಾರಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪ್ರಭುಲಿಂಗ ಕಾದ. ಕತೆ ಮುಂದೆ ಹೋಗಲಿಲ್ಲ. ಗೆದ್ದದ್ದು ಯಾರು ಎಂದು ಅವನಿಗೆ ಗೊತ್ತಾಗಿತ್ತು. ಕತೆ ಅದರ ಬಗ್ಗೆ ಅಲ್ಲವೆಂಬುದೂ ಗೊತ್ತಾಗಿತ್ತು. ಅದಕ್ಕಿಂತ ಆಚೆ ಏನೂ ತಿಳಿಯದೆ ಅವನು ಎಡಗೈಯಿಂದ ಮೊಣಕಾಲು ನೀವಿಕೊಂಡ, ಒಮ್ಮೆ ಸಣ್ಣಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. ದೊಡ್ಡ ಬುದ್ಧಿಯವರು ಪ್ರಶ್ನೆ ಕೇಳುವಾಗ ಮಾಡುವ ಹಾಗೆಯೇ ಕೊನೆಯ ಮಾತನ್ನು ಎಳೆದು ಕೇಳಿದ: “ಹಾಗಾದ್ರೆ ಆ ಹೊಡೆತ ಯಾರದು, ಬುದ್ಧೀ?”

ಗುರುಗಳು ಅವನನ್ನೇ ನೋಡಿದರು.

“ಈಗ ಕೇಳಿದ್ದು ನಾನು, ಇನ್ನು ನೀನು ಕೇಳು.”

ಪ್ರಭುಲಿಂಗ ಬಾಯಿ ತೆರೆದ. ಯಾವ ದನಿಯಲ್ಲಿ ಕೇಳಬೇಕೋ ತಿಳಿಯದೆ ಹಾಗೆಯೇ ಕುಳಿತ.