ನೀರು ಚಿಮುಕಿಸುವ ಕೈ

"ಗುರುಗಳೇ, ಕೃಷಿ ಇಲಾಖೆಯನ್ನು ಕಿರಿದು ಮಾಡಬೇಕೆಂದು ನನಗೆ ಆದೇಶ ಬಂದಿದೆ. ಹಳ್ಳಿಯ ರೈತ ಕೇಂದ್ರಗಳಿಗೆ ಯಾವಾಗ ಹೋದರೂ ಕುರ್ಚಿ ಖಾಲಿ. ಅವನ್ನೇ ಮುಚ್ಚಿಬಿಡಲೇ?"

ಹೀಗೆ ಕೇಳಿದವನು ಚನ್ನವೀರ. ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಅಧಿಕಾರಿ, ರಜೆ ಸಿಕ್ಕಾಗ ಮಠಕ್ಕೆ ಬಂದು ಗುರುಗಳ ಎದುರು ಕೂರುತ್ತಿದ್ದ. ಗುರುಗಳು ಕತೆ ಹೇಳಿದರು.

ಒಬ್ಬ ರಾಜ ಬೇಸಾಯಗಾರರ ಕಷ್ಟ ವಿಚಾರಿಸಲು ಊರೂರಿಗೆ ಒಂದು ಗುಡಿಸಲು ಕಟ್ಟಿಸಿ, ಒಬ್ಬೊಬ್ಬ ಆಳನ್ನು ಇಟ್ಟಿದ್ದ. ಗುಡಿಸಲ ಮೇಲೊಂದು ಕಚೇರಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ತುದಿಯಲ್ಲಿ, ರಾಜಧಾನಿಯಲ್ಲಿ, ಬೆಳೆಯ ರೋಗ ಬಲ್ಲ ಪಂಡಿತ. ಇಷ್ಟನ್ನೂ ಸಾಕುವುದು ಭಾರವಾಯಿತು. ರಾಜ ಒಬ್ಬ ವೀಳ್ಯದೆಲೆ ವ್ಯಾಪಾರಿಯನ್ನು ಕರೆಸಿ, "ಏನಿರಬೇಕು, ಏನು ಹೋಗಬೇಕು, ನೋಡಿ ಹೇಳು" ಎಂದ. ಎಲೆ ವ್ಯಾಪಾರಿ ಉದಾಸೀನ ಮಾಡುವವನಲ್ಲ. ತಡವಾದರೆ ಅವನ ಸರಕು ತಿಪ್ಪೆಗೆ.

ವ್ಯಾಪಾರಿ ಸುತ್ತಾಡಿದ. ಕಚೇರಿಗಳಲ್ಲಿ ಎಲ್ಲರ ತಲೆಯೂ ಬಗ್ಗಿತ್ತು, 'ಬಾ' ಎನ್ನಲೂ ಪುರುಸೊತ್ತಿಲ್ಲ. ಊರಿನ ಗುಡಿಸಲಿಗೆ ಬಂದರೆ ಬಾಗಿಲಿಗೆ ಚಿಲಕ. 'ಮುಚ್ಚಿದ್ದನ್ನು ಮುಚ್ಚಿದರೆ ಯಾರಿಗೆ ನಷ್ಟ?' ಎಂದುಕೊಂಡು ಜಗಲಿಯ ಮೇಲೆ ಕೂತ. ಮಧ್ಯಾಹ್ನದ ಗಾಳಿಗೆ ಕಣ್ಣು ಹತ್ತಿತು.

ಕನಸಿನಲ್ಲಿ ಒಬ್ಬ ಹೆಂಗಸು ಅವನ ಅಂಗೈಯಲ್ಲಿ ವೀಳ್ಯದೆಲೆ ಇಟ್ಟಳು. ಎಲೆಯ ಮೇಲೆ ಕರಿ ಚುಕ್ಕೆ.

"ನೋಡಿ ಹೇಳಣ್ಣ. ಸಂಜೆ ನನ್ನ ತೋಟಕ್ಕೆ ನೀರಿನ ಸರದಿ. ಇದು ಕೊಳೆರೋಗವಾದರೆ ನೀರಿನ ಜೊತೆ ತೋಟಕ್ಕೆಲ್ಲ ಹರಡುತ್ತದೆ. ಬಿಸಿಲಿನ ಕಲೆಯಾದರೆ ನೀರಿಲ್ಲದೆ ಬಳ್ಳಿ ಸಾಯುತ್ತದೆ. ಹಾಯಿಸಲೋ, ಬೇಡವೋ?"

"ಗುಡಿಸಲಿನವನನ್ನು ಕೇಳಮ್ಮ."

"ಯಾವ ಗುಡಿಸಲು? ನೀನೇ ಕೀಳಿಸಿದೆಯಲ್ಲ!"

ತಿರುಗಿ ನೋಡಿದರೆ ಬಾಗಿಲಿಲ್ಲ, ಜಗಲಿಯಿಲ್ಲ. ಅವನು ಬರೀ ನೆಲದ ಮೇಲೆ ಕೂತಿದ್ದ. ಎಲೆ ಹಿಡಿದು ಓಡಿದ. ಒಂದು ಕಚೇರಿಯಲ್ಲಿ ಎಲೆಯನ್ನು ತಟ್ಟೆಯಲ್ಲಿಟ್ಟು ಮುಂದಕ್ಕೆ ಕೊಟ್ಟರು. ಇನ್ನೊಂದರಲ್ಲಿ ತಟ್ಟೆಗೆ ಬಟ್ಟೆ ಮುಚ್ಚಿ ಮುಂದಕ್ಕೆ ಕೊಟ್ಟರು. ದಾರಿ ಉದ್ದವಾಗುತ್ತ ಹೋಯಿತು. ಸೂರ್ಯ ನಿಂತಲ್ಲೇ ನಿಂತಿದ್ದ. ಎಲೆಗೆ ಮಾತ್ರ ವಯಸ್ಸಾಗುತ್ತಿತ್ತು. ಕೊನೆಗೆ ಪಂಡಿತ ಬಟ್ಟೆ ಸರಿಸಿ, ಒಣಗಿ ಪುಡಿಯಾಗಿದ್ದ ಎಲೆಯನ್ನು ಮೂಸಿ ನೋಡಿ, "ಒಳ್ಳೆಯ ನಶ್ಯ, ಎಲ್ಲಿಯದು?" ಎಂದ. ವ್ಯಾಪಾರಿ ತೋಟಕ್ಕೆ ಮರಳಿದಾಗ ಬಳ್ಳಿ ಹಬ್ಬಿಸಿದ ಕೋಲುಗಳಷ್ಟೇ ನಿಂತಿದ್ದವು. ಹೆಂಗಸು ಇನ್ನೂ ಅಂಗೈ ಚಾಚಿ ಕಾಯುತ್ತಿದ್ದಳು.

ಎಚ್ಚರವಾಯಿತು. ಗುಡಿಸಲಿನ ಆಳು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ಚಿಲಕ ತೆಗೆಯುತ್ತಿದ್ದ.

"ಎಲ್ಲಿ ಹೋಗಿದ್ದೆಯಪ್ಪ, ಬಾಗಿಲು ಹಾಕಿಕೊಂಡು?"

"ತೋಟಕ್ಕೆ. ಬಳ್ಳಿ ಇಲ್ಲಿಗೆ ನಡೆದು ಬರುತ್ತದೆಯೇ, ಯಜಮಾನರೇ?"

ವ್ಯಾಪಾರಿ ರಾಜನ ಬಳಿಗೆ ಹೋಗಿ ಹೇಳಿದ: "ಪ್ರಭು, ಎಲೆ ಕಟ್ಟು ತೋಟದಿಂದ ಸಂತೆಗೆ ಬರುವಾಗ ನಮ್ಮಲ್ಲಿ ಒಂದು ಕಟ್ಟಳೆ. ಕಟ್ಟನ್ನು ಮುಟ್ಟಿದವನು ಎಲೆ ಬಾಡದಂತೆ ಅದಕ್ಕೆ ನೀರು ಚಿಮುಕಿಸಿಯೇ ಮುಂದಿನವನಿಗೆ ಕೊಡಬೇಕು. ಚಿಮುಕಿಸದ ಕೈಗೆ ನಮ್ಮ ವ್ಯಾಪಾರದಲ್ಲಿ ಜಾಗವಿಲ್ಲ. ಗುಡಿಸಲು ಇರಲಿ, ಪಂಡಿತನೂ ಇರಲಿ. ಗುಡಿಸಲಿನವನಿಗೆ ತಿಳಿಯದ್ದನ್ನು ಅವನು ನೇರವಾಗಿ ಪಂಡಿತನನ್ನೇ ಕೇಳಲಿ. ನಡುವೆ ಸುಮ್ಮನೆ ದಾಟಿಸುವ ಕೈಗಳನ್ನು ತೆಗೆಯಿರಿ."

ರಾಜ ಹಾಗೆಯೇ ಮಾಡಿದ.

ಚನ್ನವೀರನ ಮನಸ್ಸು ಹಗುರಾಯಿತು. "ತಿಳಿಯಿತು ಗುರುಗಳೇ, ಕೇಂದ್ರಗಳು ಉಳಿಯಲಿ. ಹಾಗಾದರೆ ತೆಗೆಯುವುದನ್ನು ಯಾರಿಂದ ಶುರು ಮಾಡಲಿ?"

ಗುರುಗಳು ಅವನ ಕೈಗಳನ್ನೇ ನೋಡುತ್ತ ಕೇಳಿದರು: "ನಿನ್ನ ಕೈಗೆ ಬಂದ ಎಲೆಗೆ ನೀನು ಕೊನೆಯ ಸಲ ನೀರು ಚಿಮುಕಿಸಿದ್ದು ಯಾವಾಗ, ಚನ್ನವೀರ?"