ಬೇರೆ ಹಸುವಿನ ಕರು

"ಮೇಡಂ, ಕೊಡುವುದಕ್ಕೆ ಒಂದರ ಬಳಿ ಇದೆ. ಪಡೆಯಬೇಕಾದದ್ದು ಪಕ್ಕದಲ್ಲೇ ಇದೆ. ಆದರೂ ಯಾಕೆ ಕೊಡುತ್ತಿಲ್ಲ?" ಎಂದು ತಿಪ್ಪೇಶ ಕೇಳಿದ.

ಅವನು ಕೇಳಿದ್ದು ಬ್ಯಾಕ್ಟೀರಿಯಾಗಳ ವಿಷಯ. ಎರಡು ಬಗೆಯವನ್ನು ಒಂದೇ ಫ್ಲಾಸ್ಕಿನಲ್ಲಿಟ್ಟು, ಔಷಧಿಯನ್ನು ತಡೆದುಕೊಳ್ಳುವ ಜೀನು ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ತೋರಿಸಬೇಕು. ಅದೇ ಅವನ ಸಂಶೋಧನೆ. ಅವು ಒಂದಕ್ಕೊಂದು ಅಂಟಿಕೊಂಡಾಗ ಜೀನಿನ ಪ್ರತಿ ದಾಟುತ್ತದೆ. ಅವನ ಫ್ಲಾಸ್ಕಿನಲ್ಲಿ ಮಾತ್ರ ದಾಟಲಿಲ್ಲ. ಔಷಧಿ ಹಾಕಿದಾಗಲೆಲ್ಲ ಪಡೆಯಬೇಕಾದವು ಸತ್ತೇ ಹೋದವು. ವರದಿ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಇದು ನನ್ನಿಂದಾಗದು, ಬಿಡುತ್ತೇನೆ ಎಂದು ಹೇಳಲೆಂದೇ ಅವನು ತನ್ನ ಗುರು ಕಾತ್ಯಾಯಿನಿ ಮೇಡಂ ಬಳಿ ಬಂದಿದ್ದ. ಬಾಯಿಗೆ ಬಂದದ್ದು ಪ್ರಶ್ನೆ.

"ನಾನು ಅಲಕ್ಷ್ಯ ಮಾಡಿಲ್ಲ ಮೇಡಂ. ಆಗಾಗ ಫ್ಲಾಸ್ಕು ಕುಲುಕಿ, ಒಂದು ತೊಟ್ಟು ತೆಗೆದು ನೋಡುತ್ತಲೇ ಇದ್ದೇನೆ."

ಮೇಡಂ ಅವನನ್ನು ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಬ್ಬ ರೈತನ ಹಸು ಕರು ಹಾಕಿತು. ಕರು ಉಳಿಯಲಿಲ್ಲ. ಅದೇ ವಾರ ನೆರೆಮನೆಯ ಹಸು ಕರು ಹಾಕಿ ತಾನೇ ಸತ್ತುಹೋಯಿತು. ರೈತ ಆ ಕರುವನ್ನು ಎತ್ತಿಕೊಂಡು ಬಂದು ತನ್ನ ಹಸುವಿನ ಮುಂದೆ ಬಿಟ್ಟ.

ಹಸು ಮೂಸಿ ಹಿಂದೆ ಸರಿಯಿತು. ಮತ್ತೆ ಮೂಸಿತು. ರೈತನಿಗೆ ತಾಳ್ಮೆ ಎಲ್ಲಿಯದು? ಕರುವಿನ ಮೂತಿಯನ್ನು ಕೆಚ್ಚಲಿಗೆ ಒತ್ತಿದ. ಹಸು ಒದೆಯಿತು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಕರುವಿನ ಬೆನ್ನು ನೆಕ್ಕತೊಡಗಿತು. ರೈತ ಸಂತೋಷ ತಡೆಯಲಾರದೆ ಓಡಿಬಂದು, ಹಾಲು ಕುಡಿಯಿತೇ ಎಂದು ಕರುವಿನ ಬಾಯಿ ಬಿಡಿಸಿ ನೋಡಿದ. ಹಸು ಬೆದರಿ ಹಗ್ಗ ಜಗ್ಗಿತು. ಮರುದಿನವೂ ಹೀಗೇ ಆಯಿತು. ಕರುವಿಗೆ ಎದ್ದು ನಿಲ್ಲುವ ಶಕ್ತಿಯೂ ಉಳಿಯಲಿಲ್ಲ. ರೈತ ಅದನ್ನು ತಬ್ಬಿಕೊಂಡು ಕೂತು ಅತ್ತ.

"ಈ ಹಸುವಿಗೆ ಕರುಳೇ ಇಲ್ಲ ಕಣೇ," ಎಂದ ಹೆಂಡತಿಗೆ.

ಅವಳು ಹೇಳಿದಳು: "ಮದುವೆಯಾದ ಹೊಸದರಲ್ಲಿ ನೀವು ಗಳಿಗೆಗೊಮ್ಮೆ ಬಂದು, ಈ ಮನೆ ನಿನ್ನದು ಅನ್ನಿಸಿತೇ ಎಂದು ಕೇಳುತ್ತಿದ್ದರೆ, ನಾನು ತವರಿಗೆ ಹೊರಟುಬಿಡುತ್ತಿದ್ದೆ. ಏಳಿ, ಹೊಲಕ್ಕೆ ಹೋಗಿ."

ಅವಳು ಬೆರಳಿಗೆ ಹಾಲು ಹಚ್ಚಿ ಕರುವಿಗೆ ಒಂದಿಷ್ಟು ಚೀಪಿಸಿದಳು. ಅದನ್ನು ಹಸುವಿನ ಪಕ್ಕದಲ್ಲಿ ಮಲಗಿಸಿ, ಕೊಟ್ಟಿಗೆಯ ಬಾಗಿಲು ಎಳೆದುಕೊಂಡಳು. ರೈತ ಹೊಲಕ್ಕೆ ಹೋದ. ಮನಸ್ಸು ಅಲ್ಲಿರಲಿಲ್ಲ. ಕಳೆಯೆಂದು ಪೈರನ್ನೇ ಕಿತ್ತ.

ಇಲ್ಲಿ ತಿಪ್ಪೇಶನಿಗೆ ನಗು ಬಂತು. ಮೇಡಂ ನಗಲಿಲ್ಲ.

ಸಂಜೆ ರೈತ ಬಂದು ಬಾಗಿಲ ಸಂದಿಯಲ್ಲಿ ಇಣುಕಿದ. ಕರು ಹಸುವಿನ ಹೊಟ್ಟೆಯಡಿ ನಿಂತಿತ್ತು. ಅದರ ಬಾಯಂಚಿನಲ್ಲಿ ಹಾಲಿನ ನೊರೆ ಇತ್ತು. ಹಸು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಕತೆ ಅಲ್ಲಿಗೆ ಮುಗಿಯಿತು. ತಿಪ್ಪೇಶ ಕೇಳಿದ:

"ಅಂಟಿಕೊಳ್ಳುತ್ತಿದ್ದವನ್ನು ನಾನೇ ಕುಲುಕಿ ಬಿಡಿಸುತ್ತಿದ್ದೆನೇ ಮೇಡಂ? ನೋಡದೆ ಇರುವುದು ಹೇಗೆ?"

ಮೇಡಂ ಅವನ ಮುಂದೆ ಅಂಗೈ ಚಾಚಿದರು.

"ನಾಳೆ ಎರಡನ್ನೂ ಕೂಡಿಸಿಟ್ಟು, ಲ್ಯಾಬಿನ ಬೀಗದ ಕೈ ತಂದು ಈ ಅಂಗೈಯಲ್ಲಿಟ್ಟು, ಹೋಗಿ ಹೊಟ್ಟೆ ತುಂಬ ಊಟ ಮಾಡು ಮಗು."