ಹುಟ್ಟಿಲ್ಲದೆ ಹೊಳೆಗಿಳಿದ ಗಾಳೆವ್ವ

ಬಲು ಹಿಂದೆ, ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಒಂದಾನೊಂದು ಕಾಲದಲ್ಲಿ, ಗಾಳೆವ್ವ ಅಂತ ಅಂಬಿಗರ ಮನೆ ಸೊಸೆ ಒಬ್ಬಳಿದ್ದಳಂತೆ. ಈ ದಡದಲ್ಲಿ ಗಂಡನ ಮನೆ, ಆ ದಡದಲ್ಲಿ ತವರು. ಅಂಗಳದಲ್ಲಿ ನಿಂತರೆ ಅವ್ವನ ಒಲೆಯ ಹೊಗೆ ಕಾಣೋದಂತೆ, ಅವ್ವ ಕೂಗಿದ್ದು ಮಾತ್ರ ಕೇಳಿಸ್ತಿರಲಿಲ್ಲವಂತೆ. ಕಣ್ಣು ಮುಚ್ಕೊಂಡೇ ಕೇಳು ಪುಟ್ಟಿ.

ಊರಿಗೆಲ್ಲ ಇದ್ದದ್ದು ಒಂದೇ ಹರಿಗೋಲು, ಅದೂ ಅವಳ ಮಾವ ಜಂಬಣ್ಣಂದೇ. ಮತ್ತೇನು ಕಷ್ಟ ಅಂತೀಯ? ಮದುವೆ ಊಟದಲ್ಲಿ ಅವನ ಹೋಳಿಗೆಗೆ ತುಪ್ಪ ಬಡಿಸೋದು ಮರೆತಿದ್ದರಂತೆ. ಬೀಗರಿಗೇ ತುಪ್ಪ ಇಲ್ಲವಾ ಅಂತ ಎಲೆ ಬಿಟ್ಟು ಎದ್ದವನು, ಇನ್ನು ಆ ದಡಕ್ಕೆ ಹೋಗೋದಿಲ್ಲ, ನನ್ನ ಹರಿಗೋಲು ಯಾರೂ ಮುಟ್ಟಬಾರದು, ಹುಟ್ಟೂ ಮುಟ್ಟಬಾರದು ಅಂತ, ನೀರು ತಳ್ಳೋ ಹುಟ್ಟನ್ನ ಅಟ್ಟಕ್ಕೇರಿಸಿಬಿಟ್ಟನಂತೆ. ತಾನು ಮೀನಿಗೆ ಹೋಗುವಾಗ ಮಾತ್ರ ಇಳಿಸೋನಂತೆ. ಹೀಗೇ ಮೂರು ವರ್ಷ ಕಳೀತಂತೆ.

ಆಮೇಲೆ ಒಂದು ಬೆಳಿಗ್ಗೆ ಗಾಳೆವ್ವನಿಗೆ ಹೊಳೀತಂತೆ, ಮಾವ ಹರಿಗೋಲು ಅಂದರು, ಹುಟ್ಟು ಅಂದರು, ಕೊಪ್ಪರಿಗೆ ಸೌಟು ಅನ್ನಲಿಲ್ಲವಲ್ಲ ಅಂತ. ಕೊಪ್ಪರಿಗೆಯೊಳಗೆ ಕೂತು ಸೌಟಲ್ಲಿ ನೀರು ತಳ್ಳಿದಳಂತೆ, ಅದು ಪಾಯಸ ತಿರುವಿದ ಹಾಗೆ ಗಿರ್ರಂತ ತಿರುಗಿ ಬಟ್ಟೆ ಒಗೆಯೋ ಕಲ್ಲಿಗೇ ವಾಪಸ್ ಬಂದು ಬಡೀತಂತೆ. ಆಮೇಲೆ ಬಾಳೆದಿಂಡು ಕಟ್ಟಿ, ಅದರ ಮೇಲೆ ಕೂತು, ಮೊರ ಹಿಡಿದು ಹೊರಟಳಂತೆ, ಎದುರುಗಾಳಿ ಮೊರಕ್ಕೆ ಸಿಕ್ಕಿ ಹಿಂದಕ್ಕೇ ನೂಕ್ತಂತೆ. ಹೊಗೆ ನೋಡ್ತಾ ಕೂತು ಅತ್ತಳಂತೆ ಪಾಪ, ನನಗೆ ಸೀರೆ ಬೇಡ ಬಳೆ ಬೇಡ, ಒಂದು ಸಲ ಅವ್ವನ್ನ ನೋಡಬೇಕು ಅಂತ.

ಆಮೇಲೆ ಮೂರನೇ ಸಲ, ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಕೊಂಡು ಬರಿಗೈಲಿ ಇಳಿದಳಂತೆ. ಅವಳಿಗೆ ಈಜು ಬರಲ್ಲ, ರೊಟ್ಟಿ ತಟ್ಟೋದು ಬರುತ್ತೆ. ನೀರನ್ನೇ ಹಿಟ್ಟು ಅಂದ್ಕೊಂಡು ತಟ್ಟಿದಳಂತೆ, ಪಟ ಪಟ ಪಟ, ಪಟಾರ್! ಮೂರು ಮೆಲ್ಲಗೆ, ಒಂದು ಜೋರು, ಅವ್ವ ಕಲಿಸಿದ ಹಾಗೆ. ತಟ್ತಾ ತಟ್ತಾ ಮೆಲ್ಲಮೆಲ್ಲಗೆ ಮುಂದಕ್ಕೆ ಹೋದಳಂತೆ.

ಕೂಗು ದಾಟದ ಹೊಳೇನ ಆ ಸದ್ದು ದಾಟಿತಂತೆ. ಒಲೆ ಮುಂದಿದ್ದ ಅವ್ವ, ಅಯ್ಯೋ ಇದು ನನ್ನ ಗಾಳೆವ್ವನ ಕೈ ಅಂತ ಎದ್ದವಳೇ, ದನಕ್ಕೆ ನೀರಿಡೋ ಮರದ ಬಾನಿ ಹೊಳೆಗೆ ಉರುಳಿಸಿ, ಅದರೊಳಗೆ ಕೂತು ಒನಕೆಯಲ್ಲಿ ನೀರು ತಳ್ತಾ ಬಂದಳಂತೆ. ಮಡಿಲಲ್ಲಿ ತುಪ್ಪದ ಗಿಂಡಿ! ಬೀಗರು ಯಾವತ್ತಾದರೂ ಬಂದಾರು ಅಂತ ವಾರವಾರ ಹೊಸದಾಗಿ ಕಾಯಿಸಿ ಇಡ್ತಿದ್ದಳಂತೆ.

ನಡುಹೊಳೆಯಲ್ಲಿ ತಾಯಿ ಮಗಳು ತಬ್ಬಿಕೊಂಡು ಅಳೋ ಭರಕ್ಕೆ ಬಾನಿ ವಾಲಿತಂತೆ. ದಡದಲ್ಲಿದ್ದ ಮಾವ ಅದನ್ನ ಕಂಡು, ಸಿಟ್ಟು ಗಿಟ್ಟು ಎಲ್ಲ ಮರೆತು ಹರಿಗೋಲು ತಳ್ಳಿ ಹಾರಿ ಕೂತನಂತೆ. ಗಾಬರೀಲಿ ಹುಟ್ಟು ಅಟ್ಟದ ಮೇಲೇ ಉಳೀತು! ಅವನೂ ಬಗ್ಗಿ ಪಟಪಟ ಅಂತ ನೀರು ತಟ್ತಾ ಬಂದು, ಇಬ್ಬರನ್ನೂ ಎಳೆದು ಕೂರಿಸ್ಕೊಂಡನಂತೆ. ತಲೆ ತಗ್ಗಿಸಿ, ಯಾವ ದಡಕ್ಕಮ್ಮಾ ಅಂತ ಕೇಳಿದನಂತೆ.

ಹುಟ್ಟಿಲ್ಲದೆ ಇಷ್ಟು ದೂರ ಬಂದ್ವಲ್ಲ ಮಾವ, ಹುಟ್ಟಿದ ಮನೆಗೇ ಹೋಗೋಣ ಅಂದಳಂತೆ ಗಾಳೆವ್ವ.

ಮೂವರೂ ಕೈಯಲ್ಲೇ ತಟ್ಕೊಂಡು ಆ ದಡ ಸೇರಿದರಂತೆ. ಅವ್ವ ಹೋಳಿಗೆ ಮಾಡಿ, ಗಿಂಡಿ ತುಪ್ಪಾನೆಲ್ಲ ಬೀಗರ ಎಲೆಗೇ ಸುರಿದಳಂತೆ. ಆಮೇಲಿಂದ ಹುಟ್ಟು ಗಾಳೆವ್ವನ ಕೈಯಲ್ಲೇ ಇತ್ತಂತೆ, ಬೇಕು ಅನಿಸಿದಾಗೆಲ್ಲ ಹೋಗಿ ಬರೋಳಂತೆ.

ನಮ್ಮವ್ವನೂ ರೊಟ್ಟಿ ಹಾಗೇ ತಟ್ತಿದ್ದಳು ಪುಟ್ಟಿ, ಮೂರು ಮೆಲ್ಲಗೆ, ಒಂದು ಜೋರು. ಈಗಲೂ ಕಿವಿಯಲ್ಲಿದೆ. ನಿನ್ನ ಬೆನ್ನಿಗೆ ಜೋರು ಬೇಡ, ಮೆಲ್ಲಗಿನ ಮೂರೇ ಸಾಕು. ಕತೆ ದಡ ಸೇರ್ತು, ಮಲಗು.